ಕದಿರು, ಕೊಟ್ಟಣ, ಸ್ತ್ರೀಧನ: ಹಳ್ಳಿಯ ಹೆಣ್ಣುಮಕ್ಕಳ ಬಡತನದ ಚರಿತ್ರೆ

12ನೆಯ ಶತಮಾನದ ಶರಣೆಯರ ಹೆಸರುಗಳನ್ನು ಒಂದೆಡೆ ಬರೆದುಕೊಂಡು ಓದಿದರೆ, ಅವು ಭಕ್ತರ ನಾಮಾವಳಿಯಾಗಿರುವಂತೆಯೇ ಆ ಕಾಲದ ದುಡಿಮೆಯ ಪಟ್ಟಿಯೂ ಆಗಿರುವುದು ಕಂಡುಬರುತ್ತದೆ. ಕದಿರೆ ರೆಮ್ಮವ್ವೆ, ಕದಿರೆ ಕಾಯಕದ ಕಾಳವ್ವೆ, ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ, ಗಂಡನೊಡನೆ ಸೌದೆ ಹೊರೆಯಿಂದ ಬದುಕಿದ ಮೋಳಿಗೆಯ ಮಹಾದೇವಿ ಇವರೆಲ್ಲರನ್ನೂ ಜನ ನೆನಪಿಟ್ಟುಕೊಂಡದ್ದು ಊರಿನಿಂದಲ್ಲ, ಕುಲದಿಂದಲ್ಲ, ಕೈಗೆಲಸದಿಂದ. ಕದಿರು ನೂಲುವವಳ ಸಾಧನ. ಕೊಟ್ಟಣವೆಂದರೆ ಭತ್ತ ಕುಟ್ಟಿ ಅಕ್ಕಿ ಮಾಡುವ ಕೆಲಸ. ಸಾಹಿತ್ಯ ಚರಿತ್ರೆಕಾರರು ಇವರ ಅಂಕಿತಗಳನ್ನೂ ವಚನಗಳ ಸಂಖ್ಯೆಯನ್ನೂ ಗುರುತಿಸಿ ಮುಂದೆ ಸಾಗುವುದುಂಟು. ಸೋಮಮ್ಮನ ಹೆಸರಿನಲ್ಲಿ ದೊರೆತಿರುವುದು ಒಂದೇ ವಚನವಾದ್ದರಿಂದ ಹೆಚ್ಚು ಹೇಳಲು ಅವಕಾಶವೂ ಇಲ್ಲ. ಆದರೆ ಆ ಹೆಸರೇ ಒಂದು ದಾಖಲೆ. ಕುಟ್ಟುವುದು, ಬೀಸುವುದು, ನೂಲುವುದು ಪ್ರತಿ ಮನೆಯ ಹೆಂಗಸೂ ತನ್ನ ಮನೆಗಾಗಿ ಮಾಡುತ್ತಿದ್ದ ಕೆಲಸಗಳು. ಹೊಲವಿಲ್ಲದವಳಿಗೆ, ಗಂಡನಿಲ್ಲದವಳಿಗೆ, ಮುಪ್ಪಿನಲ್ಲಿ ಒಂಟಿಯಾದವಳಿಗೆ ಅವೇ ಕೂಲಿಯಾಗುತ್ತಿದ್ದವು. ಹಳ್ಳಿಯ ಬಡ ಹೆಂಗಸಿಗೆ ತಲೆತಲಾಂತರದಿಂದ ಇದ್ದ ಆಸರೆ ಈ ಎರಡು ಕೆಲಸಗಳು. ಅವು ಹೇಗೆ ಕೈಬಿಟ್ಟುಹೋದವು, ಅವುಗಳ ಜಾಗಕ್ಕೆ ಬರಬೇಕಾಗಿದ್ದ ಭೂಮಿ ಏಕೆ ಬರಲಿಲ್ಲ ಎಂಬುದು ಚರಿತ್ರೆಯಲ್ಲಿ ಕೇಳಬೇಕಾದ ಪ್ರಶ್ನೆ.

ರೆಮ್ಮವ್ವೆಯ ವಚನವೊಂದರಲ್ಲಿ ಅವಳು ತಿರುಗಿಸುವ ರಾಟೆಯ ಅಂಗಾಂಗಗಳೇ ಅನುಭಾವದ ಸಂಕೇತಗಳಾಗಿವೆ. ಈ ರಾಟೆ ಭಾರತದ ತಂತ್ರಜ್ಞಾನದ ಚರಿತ್ರೆಯಲ್ಲೂ ಚರ್ಚೆಗೆ ಒಳಗಾಗಿದೆ. ಇರ್ಫಾನ್ ಹಬೀಬ್ ಅವರು ನೂಲುವ ಚಕ್ರದ ಮೊದಲ ಉಲ್ಲೇಖವನ್ನು ಇಸಾಮಿ ಎಂಬ ಕವಿ 1350ರಲ್ಲಿ ದಖನಿನಲ್ಲಿ ಮುಗಿಸಿದ ಪಾರಸಿ ಕಾವ್ಯದಲ್ಲಿ ಗುರುತಿಸಿದರು. ವಿಜಯಾ ರಾಮಸ್ವಾಮಿ ಅವರು ರೆಮ್ಮವ್ವೆಯ ವಚನದತ್ತ ಕೈತೋರಿಸಿ, ಅದಕ್ಕೂ ಮೊದಲೇ ಕನ್ನಡ ನಾಡಿನಲ್ಲಿ ರಾಟೆ ತಿರುಗುತ್ತಿತ್ತೆಂದು ವಾದಿಸಿದರು. ವಚನಗಳ ಓಲೆಪ್ರತಿಗಳು ಬಹುಪಾಲು ಮುಂದಿನ ಶತಮಾನಗಳವಾದ್ದರಿಂದ ಈ ವಾದವನ್ನು ಎಚ್ಚರದಿಂದಲೇ ಒಪ್ಪಬೇಕು. ಕಾಲನಿರ್ಣಯ ಹೇಗೇ ಆಗಲಿ, ಎರಡು ಉಲ್ಲೇಖಗಳ ಧ್ವನಿಯಲ್ಲಿರುವ ಅಂತರ ಗಮನಾರ್ಹವಾದುದು. ಇಸಾಮಿ ರಾಟೆಯನ್ನು ಹೆಸರಿಸುವುದು ಸುಲ್ತಾನಾ ರಜಿಯಾಳನ್ನು ಹಳಿಯುವ ಸಂದರ್ಭದಲ್ಲಿ; ಸಿಂಹಾಸನ ಹೆಂಗಸಿಗೆ ಸಲ್ಲದು, ರಾಟೆಯ ಮುಂದೆ ಕುಳಿತರೇ ಅವಳಿಗೆ ಶೋಭೆ ಎಂಬುದು ಅವನ ಮಾತಿನ ತಾತ್ಪರ್ಯ. ರೆಮ್ಮವ್ವೆಗೆ ಅದೇ ರಾಟೆ ತನ್ನ ಮಾತಿನ ಅಧಿಕಾರಕ್ಕೆ ಆಧಾರ. ಒಂದೇ ಸಾಧನ ಒಬ್ಬನ ಬಾಯಲ್ಲಿ ಕಟ್ಟಾಯಿತು, ಒಬ್ಬಳ ಬಾಯಲ್ಲಿ ಕಾಯಕವಾಯಿತು.

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಅದನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಅವಳು ಹೇಳಿದಳೆಂಬುದು ಪರಂಪರೆ. ಇದನ್ನು ಬಡತನದ ಸ್ತುತಿಯೆಂದು ಓದುವ ರೂಢಿಯೊಂದಿದೆ. ಅದು ಅಷ್ಟು ಸರಿಯಾದ ಓದಲ್ಲ. ಆ ಮನೆಯಲ್ಲಿ ಎಷ್ಟು ಬೇಕು, ಎಷ್ಟು ಬೇಡ ಎಂದು ಅಳೆಯುವವಳು ಹೆಂಡತಿ. ಅವಳ ಮಾತು ನಡೆಯುತ್ತದೆ. ಗಂಡ ಹಿಂದಿರುಗಿ ಹೋಗುತ್ತಾನೆ. ಲಕ್ಕಮ್ಮನದು ಆರಿಸಿಕೊಂಡ ಮಿತ, ಹೇರಿದ ಕೊರತೆಯಲ್ಲ. ಮನೆಯ ಧಾನ್ಯದ ಮೇಲೆ, ಆದಾಯದ ಮೇಲೆ, ಭೂಮಿಯ ಮೇಲೆ ಮಾತನಾಡುವ ಹಕ್ಕಿಲ್ಲದವಳ ಹಸಿವನ್ನು ಈ ಕಥೆಯ ಬೆಳಕಿನಲ್ಲಿ ಸಮಾಧಾನಪಡಿಸುವುದು ಲಕ್ಕಮ್ಮನಿಗೂ ಸಲ್ಲದ ಅನ್ಯಾಯ.

ಆ ಹಕ್ಕಿನ ಶಾಸ್ತ್ರೀಯ ಚರ್ಚೆಗೂ ಕಲ್ಯಾಣವೇ ನೆಲೆಯಾದದ್ದು ಚರಿತ್ರೆಯ ಒಂದು ಸೋಜಿಗ. ಬಸವಣ್ಣನವರ ಕಾಲಕ್ಕೆ ಕೆಲವು ದಶಕಗಳ ಹಿಂದೆ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದುದು ಇದೇ ಪಟ್ಟಣದಲ್ಲಿ. ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು ಮೊದಲಾದುವು ಸ್ತ್ರೀಧನವೆಂದು ಸ್ಮೃತಿಕಾರನು ಹೇಳುತ್ತಾನೆ. ಆ 'ಮೊದಲಾದ' ಎಂಬ ಒಂದು ಪದವನ್ನು ಹಿಡಿದು ವಿಜ್ಞಾನೇಶ್ವರನು ದಾಯವಾಗಿ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ದೊರೆತದ್ದು, ಸ್ವಾಧೀನದಿಂದ ಬಂದದ್ದು, ಸಿಕ್ಕಿದ್ದು ಇವೆಲ್ಲವೂ ಸ್ತ್ರೀಧನವೇ ಎಂದು ವಿಸ್ತರಿಸಿದನು. ಸ್ತ್ರೀಧನ ಎಂಬ ಮಾತಿಗೆ ಹೆಣ್ಣಿನ ಧನ ಎಂಬ ಸರಳ ಅರ್ಥವೇ ಸಾಕು, ಬೇರೆ ಪಾರಿಭಾಷಿಕ ಅರ್ಥ ಬೇಕಿಲ್ಲ ಎಂಬುದು ಅವನ ನಿಲುವು. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ, ಅಂದರೆ 'ಅಪುತ್ರಿಕ' ದ್ರವ್ಯ, ಅರಸನ ಭಂಡಾರಕ್ಕೆ ಹೋಗದೆ ಹೆಂಡತಿಗೆ, ಹೆಣ್ಣುಮಕ್ಕಳಿಗೆ ಸಲ್ಲಬೇಕೆಂಬ ವ್ಯವಸ್ಥೆ ಆ ಕಾಲದ ಕನ್ನಡ ಶಾಸನಗಳಲ್ಲಿಯೂ ಕಾಣುತ್ತದೆ. ಹಾಗೆಂದು ಮಿತಾಕ್ಷರಾ ಹೆಣ್ಣಿನ ಪರವಾದ ಗ್ರಂಥವೆಂದು ಹಾಡಿಹೊಗಳುವಂತಿಲ್ಲ. ಅವಿಭಕ್ತ ಕುಟುಂಬದಲ್ಲಿ ಗಂಡು ಮಗುವಿಗೆ ಹುಟ್ಟಿನಿಂದಲೇ ಹಕ್ಕು. ಗಂಡ ಬೇರೆಯಾಗದೆ ಸತ್ತರೆ ಅವನ ಪಾಲು ಉಳಿದ ಗಂಡಸರಿಗೆ ಸೇರಿ, ವಿಧವೆಗೆ ಉಳಿಯುವುದು ಅನ್ನವಸ್ತ್ರ ಮಾತ್ರ. ಬಹುಪಾಲು ರೈತ ಕುಟುಂಬಗಳು ಅವಿಭಕ್ತವಾಗಿದ್ದುದರಿಂದ ಹಳ್ಳಿಯ ವಿಧವೆಯ ಪಾಲಿಗೆ ನಡೆದದ್ದು ಈ ಎರಡನೆಯ ಮಾತೇ.

ವಿಜ್ಞಾನೇಶ್ವರನು ತೆರೆದಿದ್ದ ಕಿಂಡಿಯನ್ನೂ ಆಂಗ್ಲರ ನ್ಯಾಯಾಲಯಗಳು ಮುಚ್ಚಿದವು. ಗಂಡನಿಂದ ದಾಯವಾಗಿ ಬಂದ ಆಸ್ತಿ ವಿಧವೆಯ ಸ್ತ್ರೀಧನವಾಗದೆಂದು 1867ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಅವಳು ಬದುಕಿರುವವರೆಗೆ ಅನುಭವಿಸಬಹುದು. ಧರ್ಮಕಾರ್ಯವೋ ಕುಟುಂಬದ ತುರ್ತೋ ಇಲ್ಲದೆ ಮಾರುವಂತಿಲ್ಲ. ಸತ್ತ ಮೇಲೆ ಅದು ಗಂಡನ ಕಡೆಯವರಿಗೆ. 'ಸೀಮಿತ ಹಕ್ಕು' ಎಂದು ವಕೀಲರು ಕರೆದದ್ದು ಇದನ್ನೇ. ಹಳ್ಳಿಯಲ್ಲಿ ಇದರ ಪರಿಣಾಮ ಊಹಿಸಲು ಕಷ್ಟವಿಲ್ಲ. ಮಾರಲು ಅಧಿಕಾರವಿಲ್ಲದವಳಿಗೆ ಸಾಲ ಕೊಡುವವರು ಯಾರು? ಎತ್ತು ಸತ್ತರೆ, ಬಾವಿ ಬತ್ತಿದರೆ ಅವಳ ಹೊಲ ಅವಳ ಕೈಯಲ್ಲಿದ್ದೂ ಬೀಳು. ಧಾರವಾಡ, ಬೆಳಗಾವಿ, ವಿಜಾಪುರಗಳಿದ್ದ ಮುಂಬಯಿ ಪ್ರಾಂತದಲ್ಲಿ ಮಾತ್ರ ತಂದೆಯ ಆಸ್ತಿ ದಾಯವಾಗಿ ಬಂದ ಮಗಳಿಗೆ ಪೂರ್ಣ ಹಕ್ಕು ಮಾನ್ಯವಾಗಿತ್ತು. ಅದೂ ಗಂಡು ಸಂತಾನವಿಲ್ಲದ ಮನೆಯಲ್ಲಿ, ತಾಯಿಯ ಕಾಲಾನಂತರ ಒದಗುವ ಹಕ್ಕು.

ಸುಧಾರಣೆಯ ಕಾಯಿದೆಯೇ ಕೆಲವರಿಗೆ ಬಡತನ ತಂದ ಪ್ರಸಂಗವೊಂದುಂಟು. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ 1856ರಲ್ಲಿ ವಿಧವಾ ಪುನರ್ವಿವಾಹ ಕಾಯಿದೆ ಬಂದಿತು. ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕನ್ನು ಕಳೆದುಕೊಳ್ಳುವಳೆಂದು ಅದರ ಎರಡನೆಯ ಕಲಮು ವಿಧಿಸಿತು. ಪುನರ್ವಿವಾಹ ನಿಷಿದ್ಧವಾಗಿದ್ದ ಜಾತಿಗಳಿಗೆ ಅದು ಬಿಡುಗಡೆಯೇ ಸರಿ. ಆದರೆ ಕನ್ನಡ ನಾಡಿನ ಲಿಂಗಾಯತರಾದಿಯಾಗಿ ಅನೇಕ ಒಕ್ಕಲು ಸಮುದಾಯಗಳಲ್ಲಿ 'ಉಡಿಕೆ' ಅಥವಾ 'ಕೂಡಿಕೆ'ಯ ಮೂಲಕ ವಿಧವೆಯ ಮರುಮದುವೆ ಕಾಯಿದೆಯ ಅಪ್ಪಣೆಗೆ ಕಾಯದೆ ನಡೆದುಕೊಂಡು ಬಂದಿತ್ತು. ಅಂಥ ಜಾತಿಗಳ ಹೆಂಗಸರಿಗೂ ಈ ಕಲಮು ಅನ್ವಯಿಸುವುದೇ ಎಂಬ ಪ್ರಶ್ನೆ ಬಂದಾಗ ಅಲಹಾಬಾದಿನ ಉಚ್ಚ ನ್ಯಾಯಾಲಯ ಇಲ್ಲವೆಂದಿತು. ಮುಂಬಯಿ, ಮದರಾಸು, ಕಲಕತ್ತೆಗಳು ಆಸ್ತಿ ಹೋಗುವುದೆಂದೇ ಹೇಳಿದವು. ಎಳೆಯ ಮಕ್ಕಳನ್ನು ಕಟ್ಟಿಕೊಂಡ ವಿಧವೆಗೆ ಉಳಿದ ಆಯ್ಕೆ ಎರಡು: ಗಂಡನ ನೆಲದಲ್ಲಿ ಒಂಟಿಯಾಗಿ ಇರುವುದು, ಇಲ್ಲವೆ ನೆಲ ಬಿಟ್ಟು ಉಡಿಕೆಯಾಗುವುದು. ಈ ಕಾಯಿದೆ ರದ್ದಾದದ್ದು 1983ರಲ್ಲಿ.

ಇನ್ನು ಕದಿರಿನ ಮಾತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಅವನ ಮೂರು ಸಂಪುಟಗಳ ವರದಿ 1807ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸುತ್ತಿನಲ್ಲಿ ಅವನು ಕಂಡ ಏರ್ಪಾಡು ಸರಳವಾದುದು: ಹೆಂಗಸರು ವಾರದ ಸಂತೆಯಲ್ಲಿ ಅರಳೆ ಕೊಳ್ಳುತ್ತಾರೆ, ಮನೆಯಲ್ಲಿ ನೂಲುತ್ತಾರೆ, ನೂಲನ್ನು ನೇಕಾರರಿಗೆ ಮಾರುತ್ತಾರೆ. ಇದಕ್ಕೆ ಬಂಡವಾಳವೆಂದರೆ ಒಂದು ಸಂತೆಗೆ ಬೇಕಾದಷ್ಟು ಅರಳೆಯ ಬೆಲೆ. ಹೊರಗೆ ಹೋಗಬೇಕಿಲ್ಲ, ಒಡೆಯನಿಲ್ಲ; ತೊಟ್ಟಿಲು ತೂಗುತ್ತ ನೂಲಬಹುದು, ಕಣ್ಣು ಮಂದವಾದ ಮುದುಕಿಯೂ ಬೆರಳಿನ ಅಂದಾಜಿನಲ್ಲಿ ನೂಲಬಹುದು. ಒಂದು ಮಗ್ಗಕ್ಕೆ ಹಲವು ಕದಿರುಗಳ ನೂಲು ಬೇಕಾದುದರಿಂದ ನೇಕಾರರ ಒಂದು ಕೇರಿ ಸುತ್ತಲಿನ ಎಷ್ಟೋ ಹಳ್ಳಿಗಳ ಹೆಂಗಸರಿಗೆ ಕೆಲಸ ಕೊಡುತ್ತಿತ್ತು. ಗಳಿಕೆ ಅತ್ಯಲ್ಪವೇ. ಆದರೂ ಸಂತೆಯ ದಿನ ಅದು ಹೆಂಗಸಿನ ಕೈಗೇ ಬರುತ್ತಿತ್ತು ಎಂಬುದನ್ನು ಮರೆಯಬಾರದು.

19ನೆಯ ಶತಮಾನದಲ್ಲಿ ಕೈಮಗ್ಗ ಅಳಿಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಜವಾಗಿ ಮಗ್ಗಕ್ಕೆ ಪೆಟ್ಟು ಬಿದ್ದರೂ ಅದು ಉಳಿಯಿತು. ಇಳಕಲ್ಲು, ಗುಳೇದಗುಡ್ಡ, ಗದಗ-ಬೆಟಗೇರಿಗಳೇ ಸಾಕ್ಷಿ. ಮೊದಲು ವಿಲಾಯಿತಿಯಿಂದ, ಆಮೇಲೆ ಇಲ್ಲಿನ ಗಿರಣಿಗಳಿಂದ ಬಂದ ನೂಲನ್ನು ಕೊಂಡು ನೇಕಾರನು ಬದುಕಿದನು. ಅಳಿದದ್ದು ಕದಿರು. ನೇಕಾರನಿಗೆ ಅಗ್ಗದ ನೂಲು ಆಸರೆಯಾದ ಗಳಿಗೆಯಲ್ಲೇ ನೂಲುವವಳಿಗೆ ಅದು ಮೃತ್ಯುವಾಯಿತು. ನೇಕಾರರಿಗೆ ಕೇರಿ, ಪಂಗಡ, ಹಿರಿಯರು ಇದ್ದುದರಿಂದ ಅವರ ಕಷ್ಟ ಸರ್ಕಾರದ ವರದಿಗಳಿಗೆ ತಲಪಿತು. ನೂಲುವ ಹೆಂಗಸರು ಎಲ್ಲ ಕೇರಿಗಳಲ್ಲಿ ಹರಡಿದ್ದವರು. ಅವರ ಪರವಾಗಿ ಅರ್ಜಿ ಬರೆಯುವವರು ಇರಲಿಲ್ಲ. ಒಂದು ಕಸುಬಿಗೆ ಕಸುಬು ಸದ್ದಿಲ್ಲದೆ ಮುಗಿದುಹೋಯಿತು.

ಅಮೆರಿಕದ ಅಂತರ್ಯುದ್ಧದ ವರ್ಷಗಳು (1861–65) ಈ ಕಥೆಗೆ ಇನ್ನೊಂದು ಮುಖವನ್ನು ಕೂಡಿಸುತ್ತವೆ. ಅಲ್ಲಿನ ಹತ್ತಿ ಲ್ಯಾಂಕಷೈರಿಗೆ ಬಾರದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಕುಮಟೆಯ ಬಂದರಿನ ಮೂಲಕ ಹೋಗುತ್ತಿದ್ದುದರಿಂದ 'ಕುಮಟಾ ಹತ್ತಿ' ಎಂದೇ ಹೆಸರಾದ ನಾಡಹತ್ತಿ, ಅದರ ಜೊತೆಗೆ 1840ರ ದಶಕದಿಂದ ಬೇರೂರಿದ ಧಾರವಾಡ-ಅಮೆರಿಕನ್ ತಳಿ, ಎರಡೂ ಹೊಲವುಳ್ಳವರಿಗೆ ಹಣ ತಂದವು. ಆದರೆ ಹೊಲವುಳ್ಳವನಿಗೆ ಏರಿದ ಬೆಲೆ ಸಂತೆಯಲ್ಲಿ ಅರಳೆ ಕೊಳ್ಳುವವಳಿಗೂ ಏರಿದ ಬೆಲೆಯೇ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಗಂಡಿನ ಲಾಭ ಹೆಣ್ಣಿನ ನಷ್ಟವಾಗಿ ಪರಿಣಮಿಸುವ ಇಂಥ ಸಂದರ್ಭವನ್ನು 'ಕುಟುಂಬದ ಆದಾಯ' ಎಂಬ ಒಂದೇ ಅಂಕಿ ತೋರಿಸಲಾರದು. 1880ರ ದಶಕದಲ್ಲಿ ಬೆಂಗಳೂರು, ಗೋಕಾಕ, ಹುಬ್ಬಳ್ಳಿ, ಕಲಬುರ್ಗಿಗಳಲ್ಲಿ ನೂಲಿನ ಗಿರಣಿಗಳೆದ್ದ ಮೇಲೆ ಉಳಿದ ರಾಟೆಗಳೂ ಅಟ್ಟ ಸೇರಿದವು. ಹತ್ತಿ ಬಿಡಿಸುವ, ಅರೆಯುವ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಕೂಲಿ ದೊರೆತದ್ದು ನಿಜ. ಅದು ವರ್ಷದ ಕೆಲವು ತಿಂಗಳ ಕೆಲಸ, ಅದೂ ಗಂಡಾಳಿಗಿಂತ ಕಡಿಮೆ ದರಕ್ಕೆ.

ಗಿರಣಿಗಳೇಳುವ ಮೊದಲೇ ಬರ ಬಂದಿತ್ತು. ಜನ ಇಂದಿಗೂ 'ಧಾತು-ಈಶ್ವರದ ಬರ' ಎಂದು ಕರೆಯುವ 1876–78ರ ಕ್ಷಾಮ ಕನ್ನಡ ನಾಡಿನ ಚರಿತ್ರೆಯ ಅತಿ ಘೋರ ಅಧ್ಯಾಯಗಳಲ್ಲಿ ಒಂದು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷ ಕಳೆದೂ ಲೆಕ್ಕಕ್ಕೆ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರ ಜನ ಕಡಿಮೆ. ಭಾರತ ಸರ್ಕಾರದ ಪ್ರತಿನಿಧಿಯಾಗಿ 1877ರ ಜನವರಿಯಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದನು. ಹೆಣ್ಣಾಳಿಗೆ ಅದಕ್ಕಿಂತಲೂ ಕಡಿಮೆ. ಈ ಅಳತೆಯಲ್ಲಿ ದುಡಿಯುವ ದೇಹ ಉಳಿಯಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದುದು ಪ್ರಸಿದ್ಧವಾಗಿದೆ. ಕೂಲಿಯ ಲೆಕ್ಕದಲ್ಲಿ ಬಸುರಿ ಬಾಣಂತಿಯರ ಹಸಿವು ಹೆಚ್ಚಿನದೆಂಬ ಸಾಮಾನ್ಯ ತಿಳಿವಳಿಕೆಗೆ ಎಡೆಯಿರಲಿಲ್ಲ.

ಕೆರೆಯ ಏರಿಗೆ ಮಣ್ಣು ಹೊರುವ ಮೊದಲು ಪ್ರತಿ ಮನೆಯಲ್ಲೂ ಇನ್ನೊಂದು ವ್ಯಾಪಾರ ನಡೆದಿರುತ್ತಿತ್ತು. ಕಡಗ, ವಂಕಿ, ಡಾಬು, ಕಾಲ್ಸರಪಳಿಗಳು ಸಾಹುಕಾರನ ತಕ್ಕಡಿಗೆ ಹೋಗುತ್ತಿದ್ದವು. ರೈತ ಹೆಂಗಸಿನ ಸ್ತ್ರೀಧನವೆಂದರೆ ಬೆಳ್ಳಿ. ಶಾಸ್ತ್ರಕಾರರೂ ನ್ಯಾಯಾಧೀಶರೂ ಚರ್ಚಿಸಿದ ಸ್ತ್ರೀಧನದಲ್ಲಿ ಅವಳ ಅನುಭವಕ್ಕೆ ಬಂದದ್ದು ಇಷ್ಟೇ. ಕ್ಷಾಮದ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ದಖನಿನ ಒಡವೆಗಳು ರಾಶಿರಾಶಿಯಾಗಿ ಕರಗಲು ಬಂದವೆಂದು ಆ ಕಾಲದ ದಾಖಲೆಗಳು ಹೇಳುತ್ತವೆ. 1873ರಿಂದೀಚೆಗೆ ಲೋಕದ ಮಾರುಕಟ್ಟೆಯಲ್ಲಿ ಬಂಗಾರದೆದುರು ಬೆಳ್ಳಿಯ ಬೆಲೆ ಇಳಿಮುಖವಾಗಿತ್ತು. ಎಲ್ಲರೂ ಒಟ್ಟಿಗೆ ಮಾರುವ ಹಳ್ಳಿಯಲ್ಲಿ ಅದು ಇನ್ನಷ್ಟು ಬಿದ್ದಿತು. ಧಾನ್ಯದ ಬೆಲೆಯಾದರೋ ಏರುತ್ತಲೇ ಇತ್ತು. ಮೊದಲು ಹೋಗುವುದು ಹೆಣ್ಣಿನ ಒಡವೆ, ಆಮೇಲೆ ಎತ್ತು, ಕೊನೆಗೆ ಹೊಲ. ಈ ಕ್ರಮಕ್ಕೆ ಅರ್ಥವಿಲ್ಲದಿಲ್ಲ. ಹೊಲ ಹೋದರೆ ಮನೆಯೇ ಹೋದಂತೆ. ಮಳೆ ಬಂದ ಮೇಲೆ ಉಳಿದ ಹೊಲ ಗಂಡನ ಹೆಸರಿನಲ್ಲೇ ಇತ್ತು. ಅದನ್ನು ಉಳಿಸಿಕೊಟ್ಟ ಬೆಳ್ಳಿ ಯಾವ ಪತ್ರದಲ್ಲೂ ಸಾಲವೆಂದು ದಾಖಲಾಗಲಿಲ್ಲ.

1881ರ ಗಣತಿಯಲ್ಲಿ ಅಡಗಿರುವ ಇನ್ನೊಂದು ಅಂಕಿಯನ್ನು ಇಲ್ಲಿ ನೋಡಬೇಕು. ಆ ವರ್ಷ ಮೈಸೂರಿನಲ್ಲಿ ಗಂಡಸರು 20,85,842, ಹೆಂಗಸರು 21,00,346. ಕ್ಷಾಮದಲ್ಲಿ ಗಂಡಸರ ಸಾವು ಹೆಚ್ಚಾಗಿತ್ತು. ಬದುಕಿ ಉಳಿದದ್ದನ್ನು ಭಾಗ್ಯವೆನ್ನುವುದಾದರೆ, ಒಡವೆ ಹೋದ, ಕದಿರು ನಿಲ್ಲುತ್ತಿದ್ದ, ಹೊಲದ ಮೇಲೆ ಅನ್ನವಸ್ತ್ರದ ಹಕ್ಕಷ್ಟೇ ಇದ್ದ ಸಾವಿರಾರು ಹೊಸ ವಿಧವೆಯರ ಭಾಗ್ಯ ಅದು. ಬೆಂಗಳೂರು-ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಕ್ಷಾಮ ಪರಿಹಾರವಾಗಿ ಆರಂಭವಾದುದು. 1882ರಲ್ಲಿ ಬಂಡಿ ಮೈಸೂರು ಮುಟ್ಟಿತು.

ಕೊಟ್ಟಣದ ಕಥೆ ಕದಿರಿನ ಕಥೆಗಿಂತ ತಡವಾಗಿ ನಡೆಯಿತು. 20ನೆಯ ಶತಮಾನದ ಮೊದಲರ್ಧದಲ್ಲಿ ಎಣ್ಣೆಯ ಇಂಜಿನ್ನಿನ ಅಕ್ಕಿ ಗಿರಣಿಗಳು ಹೋಬಳಿಯ ಊರುಗಳಿಗೂ ಬಂದವು. ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು: ಗಿರಣಿ ಬಂದಾಗ ಬಹುಮಂದಿ ಹೆಂಗಸರು ಸಂತೋಷಪಟ್ಟರು. ಕೋಳಿ ಕೂಗುವ ಮೊದಲೇ ಎದ್ದು ಒನಕೆ ಹಿಡಿಯುವುದು, ಬೀಸುವ ಕಲ್ಲಿನ ಮುಂದೆ ಕೂಡುವುದು ಎಷ್ಟು ದಣಿವಿನ ಕೆಲಸವೆಂಬುದಕ್ಕೆ ಕುಟ್ಟುವ, ಬೀಸುವ ಹಾಡುಗಳ ಅಪಾರ ರಾಶಿಯೇ ಸಾಕ್ಷಿ. ದಣಿವು ಮರೆಯಲು ಹಾಡು ಬೇಕಾಗಿತ್ತು. ಆ ಹಾಡುಗಳನ್ನು ಕೇಳಿ ಆನಂದಿಸುವ ಪಟ್ಟಣದ ರಸಿಕರು ಒನಕೆಯ ತೂಕವನ್ನು ಮರೆಯುತ್ತಾರೆ. ಆದರೆ ತನ್ನ ಮನೆಯ ಭತ್ತ ಕುಟ್ಟುವವಳಿಗೂ ಪರರ ಭತ್ತ ಕುಟ್ಟುವವಳಿಗೂ ಗಿರಣಿ ಒಂದೇ ಅಲ್ಲ. ಮೊದಲನೆಯವಳಿಗೆ ಅದು ನಿದ್ರೆ ಕೊಟ್ಟಿತು. ಎರಡನೆಯವಳಿಂದ ಪಡಿ ಅಕ್ಕಿಯನ್ನು, ನುಚ್ಚನ್ನು, ತೌಡನ್ನು ಕಿತ್ತುಕೊಂಡಿತು. ಸೋಮಮ್ಮನ ಕಾಯಕ ಹೀಗೆ ಮುಗಿಯಿತು. 1934ರಲ್ಲಿ ವಾರ್ಧೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ, ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ, ಕುಟ್ಟಿದ ಅಕ್ಕಿಯ ಪರವಾಗಿ ದುಡಿಯಿತು. ಕೈಕುಟ್ಟಿನ ಉದ್ಯೋಗವನ್ನು ಗಮನದಲ್ಲಿಟ್ಟು ಹೊಸ ಗಿರಣಿಗಳಿಗೆ ಪರವಾನಗಿ ಕೊಡಬೇಕೆಂದು 1958ರಲ್ಲಿ ಕಾಯಿದೆಯೂ ಆಯಿತು. ಅದು ಕೈಕುಟ್ಟನ್ನು ಉಳಿಸಲಿಲ್ಲ, 1997ರಲ್ಲಿ ರದ್ದಾಯಿತು. ಕದಿರಿಗೂ ಇಂಥದೇ ಒಂದು ಪುನರ್ಜನ್ಮ ದೊರೆತಿತ್ತು. ಗಾಂಧೀಜಿ ಮೈಸೂರು ಸೀಮೆಯಲ್ಲಿ ವಿಶ್ರಾಂತಿಗೆಂದು ಇದ್ದ 1927ರಲ್ಲೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ಆರಂಭವಾಗಿ, ಸುತ್ತಲಿನ ಹೆಂಗಸರು ಮತ್ತೆ ನೂಲಿದರು. ಧಾರವಾಡದ ಬಳಿಯ ಗರಗ, ಹುಬ್ಬಳ್ಳಿಯ ಬೆಂಗೇರಿಗಳು ರಾಷ್ಟ್ರಧ್ವಜದ ಖಾದಿಗೆ ಹೆಸರಾದವು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅವಕಾಶ ದೊರೆತಾಗ ಬುಕಾನನ್ನನ ನಂತರದ ಕಥೆಯೇ ಮರಳಿ ಬಂದಂತಾಯಿತು.

ಕಸುಬು ಹೋದವಳಿಗೆ ಉಳಿದದ್ದು ಹೊಲದ ಕೂಲಿ. ನಾಟಿ, ಕಳೆ, ಕೊಯ್ಲುಗಳೆಲ್ಲ ಹೆಣ್ಣಿನವು; ಉಳುಮೆ ಮಾತ್ರ ಗಂಡಿನದು. ನೇಗಿಲಿನ ಬೇಸಾಯವಿರುವಲ್ಲಿ ಹೆಣ್ಣಿಗೆ ನೆಲದ ಮೇಲಿನ ಅಧಿಕಾರ ಕುಗ್ಗುತ್ತದೆಂದು ಎಸ್ಟರ್ ಬೋಸರಪ್ 1970ರಲ್ಲಿ ಬರೆದ ಗ್ರಂಥ ಹೇಳುತ್ತದೆ. ಕನ್ನಡ ನಾಡಿನಲ್ಲಿ ಹೆಂಗಸು ನೇಗಿಲು ಮುಟ್ಟಬಾರದೆಂಬ ನಿಷೇಧವಿದ್ದದ್ದು ಈ ಮಾತಿಗೆ ಹೊಂದುತ್ತದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ದೇವರಾಜ ಅರಸರ ಕಾಲದ ಮಹತ್ಕಾರ್ಯ. ಗೇಣಿದಾರರಾಗಿದ್ದ ಅಸಂಖ್ಯ ಬಡ ಕುಟುಂಬಗಳನ್ನು ಅದು ನೆಲದ ಒಡೆತನಕ್ಕೆ ಏರಿಸಿತು. ಅದರ ಘೋಷಣೆಯ ವ್ಯಾಕರಣವನ್ನು ಮಾತ್ರ ಯಾರೂ ಗಮನಿಸಲಿಲ್ಲ: 'ಉಳುವವನೇ ಒಡೆಯ'. ಪುಲ್ಲಿಂಗ ಕೇವಲ ಮಾತಿನಲ್ಲಿರಲಿಲ್ಲ, ಅರ್ಜಿಯಲ್ಲೂ ಪಹಣಿಯಲ್ಲೂ ಇತ್ತು. ಹಕ್ಕುಪತ್ರ ಬಹುಮಟ್ಟಿಗೆ ಮನೆಯ ಗಂಡಸಿನ ಹೆಸರಿಗೆ ಬಂದಿತು. ಎತ್ತು ಕಟ್ಟುವವರಿಲ್ಲದೆ ಎರಡೆಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಗೆ ಇನ್ನು ಮುಂದೆ ಗೇಣಿಯೇ ಇಲ್ಲ. ಸೈನಿಕರಿಗೂ ನಾವಿಕರಿಗೂ ಉಳಿಸಿದ ವಿನಾಯಿತಿ ಅವಳಿಗೆ ದೊರೆಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಫುಲ್ರೇಣು ಗುಹಾ ಅವರ ಅಧ್ಯಕ್ಷತೆಯ ಸಮಿತಿ ಭಾರತದ ಮಹಿಳೆಯರ ಸ್ಥಿತಿಗತಿಯನ್ನು ಕುರಿತ ವರದಿಯನ್ನು ಒಪ್ಪಿಸಿ, ದುಡಿಮೆಯಲ್ಲಿ ಹೆಣ್ಣಿನ ಪಾಲು ಕುಗ್ಗುತ್ತ ಬಂದಿರುವುದನ್ನು ದೇಶದ ಮುಂದಿಟ್ಟಿತು.

ದಾಯಭಾಗದ ಕಾಯಿದೆಗಳ ಚರಿತ್ರೆಯಲ್ಲಿ ಮೈಸೂರಿಗೆ ಹೆಮ್ಮೆಪಡಲು ಕಾರಣವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲೇ, ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಜಾರಿಯಾಗಿ, ಅವಿಭಕ್ತ ಕುಟುಂಬ ಒಡೆದಾಗ ವಿಧವೆ ಮೊದಲಾದವರಿಗೆ ಪಾಲು ಸಿಗುವ ಏರ್ಪಾಡಾಯಿತು. ಬ್ರಿಟಿಷ್ ಭಾರತದಲ್ಲಿ ಇಂಥ ಕಾಯಿದೆ ಬಂದದ್ದು 1937ರಲ್ಲಿ. ಅದು ಪ್ರಾಂತಗಳಲ್ಲಿ ಕೃಷಿಭೂಮಿಗೆ ಅನ್ವಯಿಸದೆಂದು 1941ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿದ್ದರಿಂದ ಹಳ್ಳಿಯ ವಿಧವೆಗೆ ಅದು ಹೆಸರಿಗ ಮಾತ್ರದ ಹಕ್ಕಾಗಿ, ಪ್ರಾಂತಗಳು ಬೇರೆಯಾಗಿ ಕಾಯಿದೆ ಮಾಡುವವರೆಗೆ ಕಾಯಬೇಕಾಯಿತು. 1956ರ ಉತ್ತರಾಧಿಕಾರ ಕಾಯಿದೆ ಸೀಮಿತ ಹಕ್ಕನ್ನು ಪೂರ್ಣ ಹಕ್ಕಾಗಿಸಿತು. ವಿಜ್ಞಾನೇಶ್ವರನ ಅಭಿಪ್ರಾಯಕ್ಕೆ ಎಂಟೂವರೆ ಶತಮಾನಗಳ ಅನಂತರ ಸಂದ ಮನ್ನಣೆಯೆಂದರೂ ತಪ್ಪಿಲ್ಲ. ಆದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಪಾಲು ಗಂಡುಮಕ್ಕಳಿಗೇ ಉಳಿಯಿತು. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳಿಗೂ ಆ ಪಾಲನ್ನು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. ಆ ಭೇದವನ್ನು 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ತೆಗೆದುಹಾಕಿತು. ಅಂದು ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು.

ಕಾಯಿದೆಯಲ್ಲಿ ಇಷ್ಟಾದ ಮೇಲೂ 2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇಕಡ 14ನ್ನು ಮುಟ್ಟಲಿಲ್ಲ. ಇದಕ್ಕೆ ಕಾರಣವನ್ನು ಕಚೇರಿಯ ಕಡತಗಳಲ್ಲಿ ಹುಡುಕುವುದಕ್ಕಿಂತ ಜನಪದ ತ್ರಿಪದಿಗಳಲ್ಲಿ ಹುಡುಕುವುದು ಲೇಸು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಮೊದಲಾದ ಸಂಕಲನಗಳಲ್ಲಿ ತವರಿನಷ್ಟು ಹಾಡಿಸಿಕೊಂಡ ವಸ್ತು ಇನ್ನೊಂದಿಲ್ಲ. ಅಲ್ಲಿ ಮಗಳು ತವರನ್ನು ಹರಸುತ್ತಾಳೆ, ಅಣ್ಣನ ಬಂಡಿಯ ದಾರಿ ಕಾಯುತ್ತಾಳೆ, ಅತ್ತಿಗೆಯ ಮುಖದ ಗಂಟನ್ನು ದೂರಿಯೂ ಮರೆಯುತ್ತಾಳೆ. ವಿಮರ್ಶಕರು ಇದನ್ನು ಹೆಣ್ಣಿನ ಹೃದಯದ ಮಾರ್ದವವೆಂದು ಮೆಚ್ಚಿದ್ದಾರೆ. ಅದು ಮಾರ್ದವವೂ ಹೌದು. ಅದರ ಜೊತೆಗೆ, ಗಂಡ ಬಿಟ್ಟರೆ, ಸತ್ತರೆ, ಕುಡಿದು ಬಡಿದರೆ ಹೋಗಿ ನಿಲ್ಲಬಹುದಾದ ಹೊಸ್ತಿಲು ಅದೊಂದೇ ಎಂಬ ಅರಿವೂ ಅಲ್ಲಿದೆ. ಪಾಲು ಕೇಳಿದವಳಿಗೆ ಆ ಹೊಸ್ತಿಲು ಮುಚ್ಚುತ್ತದೆ. ಎರಡು ಎಕರೆಯೋ, ಆಪತ್ಕಾಲದ ತವರೋ ಎಂಬ ಲೆಕ್ಕದಲ್ಲಿ ಬಹುಮಂದಿ ತವರನ್ನೇ ಆರಿಸಿಕೊಳ್ಳುತ್ತಾರೆ. ಅದನ್ನು ಅಜ್ಞಾನವೆನ್ನಲು ಬಾರದು.

ತಂದೆ ಮಗಳಿಗೆ 'ಅರಿಶಿನ ಕುಂಕುಮಕ್ಕೆ' ಎಂದು ತುಂಡು ಹೊಲವನ್ನು ಬರೆದುಕೊಡುವ ಪದ್ಧತಿ ಹಿಂದೆ ಈ ನಾಡಿನಲ್ಲಿತ್ತು. ಕೊಟ್ಟದ್ದು ಚಿಕ್ಕದಾದರೂ ಅದು ಅವಳ ಹೆಸರಿನ ನೆಲ. ಇಂದು ಉಪನೋಂದಣಿ ಕಚೇರಿಗಳಲ್ಲಿ ಅಕ್ಕತಂಗಿಯರು ಸಾಲಾಗಿ ನಿಂತು ರುಜು ಹಾಕುವ ಹಕ್ಕು ಬಿಡುಗಡೆ ಪತ್ರಗಳಲ್ಲಿ ಅದೇ ಮಾತು ಬೇರೆ ಅರ್ಥದಲ್ಲಿ ಬರುವುದುಂಟು: ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿಯನ್ನು ಸಂತೋಷದಿಂದ ಪಡೆದು, ತಮ್ಮ ಭಾಗದ ಹಕ್ಕನ್ನು ಸೋದರರಿಗೆ ಬಿಟ್ಟುಕೊಟ್ಟಿರುತ್ತಾರೆ ಎಂದು.